ಟೆಕ್ಸಸ್‌ನಲ್ಲಿ 22 ಎಕರೆ, ಮೇಕೆ ಮರಿಗಳು, ಕಯೋಟಿ ಕಾಟ: ಯಾವ ಕ್ಯಾಲಿಬರ್ ರೈಫಲ್ ತಗೊಳ್ಳಲಿ?

ನಿಮ್ಮ ಪ್ರಶ್ನೆ ಓದಿದೆ. ಆಸ್ಟಿನ್‌ನಿಂದ ಪಶ್ಚಿಮಕ್ಕೆ, ಹಿಲ್ ಕಂಟ್ರಿಯಲ್ಲಿ 22 ಎಕರೆ ಜಮೀನು. ಬೋಯರ್ ಮೇಕೆ ಸಾಕಿದ್ದೀರಿ, ಈ ವಸಂತದಲ್ಲಿ ಮರಿಗಳು ಒಂದೊಂದಾಗಿ ಮಾಯವಾಗುತ್ತಿವೆ. ಗನ್ ಅಂಗಡಿಯವರು .22-250 ತಗೊಳ್ಳಿ ಅಂದರು, ಪಕ್ಕದ ರಾಂಚಿನವರು .243 ಅಂದರು, ಯೂಟ್ಯೂಬ್ ನೋಡಿದರೆ 6.5 ಕ್ರೀಡ್‌ಮೋರ್ ಅಂತಾರೆ. ಇವೆಲ್ಲ ಕ್ಯಾಲಿಬರ್‌ಗಳು, ಅಂದರೆ ತೋಟೆಯ ಅಳತೆಯ ಹೆಸರುಗಳು. ಯಾರ ಮಾತು ಕೇಳಬೇಕು ಅನ್ನೋದು ನಿಮ್ಮ ಗೊಂದಲ.

ನಾನು ಸ್ಯಾನ್ ಆಂಜೆಲೊ ಕಡೆ ಕುರಿ ಸಾಕುತ್ತೇನೆ. ಈ ಭಾಗದಲ್ಲಿ ಕುರಿ ಮೇಕೆ ಇಟ್ಟುಕೊಂಡವರಿಗೆ ಕಯೋಟಿ, ಅಂದರೆ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು ಅನ್ನುವ ಆ ಕಾಡುಪ್ರಾಣಿ, ದಿನನಿತ್ಯದ ಮಾತು. ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ: ನಿಮ್ಮ ಜಾಗಕ್ಕೆ .223 ರೆಮಿಂಗ್ಟನ್ ಸಾಕು. 50 ಅಥವಾ 55 ಗ್ರೇನ್ ತೂಕದ, ಮೈಯೊಳಗೆ ಹೊಕ್ಕ ಕೂಡಲೇ ಒಡೆಯುವ ಗುಂಡು ಹಾಕಿ. ನಿಮಗೆ ಸಲಹೆ ಕೊಟ್ಟವರು ಯಾರೂ ತಪ್ಪು ಹೇಳಿಲ್ಲ. ಆದರೆ ಅವರವರ ಜಮೀನು, ಅವರವರ ಬೇಟೆ ಮನಸ್ಸಲ್ಲಿಟ್ಟುಕೊಂಡು ಹೇಳಿದ್ದಾರೆ. ನಿಮ್ಮ 22 ಎಕರೆಯ ಲೆಕ್ಕ ಯಾರೂ ಹಾಕಿಲ್ಲ.

ಆ ಲೆಕ್ಕ ಹಾಕೋಣ. ಒಂದು ಎಕರೆ ಅಂದರೆ 4,840 ಚದರ ಗಜ. ನಿಮ್ಮ ಜಮೀನು ಹೆಚ್ಚುಕಡಿಮೆ ಚೌಕ ಅಂದುಕೊಂಡರೆ ಒಂದು ಬದಿ 326 ಗಜ ಬರುತ್ತದೆ. ನಟ್ಟನಡುವೆ ನಿಂತರೆ ನಾಲ್ಕೂ ಕಡೆಯ ಬೇಲಿ 163 ಗಜದಲ್ಲಿದೆ. ಒಂದು ಬೇಲಿಯ ಮೂಲೆಯಲ್ಲಿ ಕೂತು ಉದ್ದಕ್ಕೂ ನೋಡಿದರೂ 300 ಗಜಕ್ಕಿಂತ ದೂರದ ಈಡು ನಿಮಗೆ ಸಿಗುವುದು ಕಷ್ಟ. ಅದೂ ಹಿಲ್ ಕಂಟ್ರಿಯಲ್ಲಿ ಸೀಡರ್ ಪೊದೆ, ಓಕ್ ಮರ ಇದ್ದೇ ಇರುತ್ತವೆ. ನಿಜವಾಗಿ ನೀವು ಹೊಡೆಯುವುದು 60ರಿಂದ 150 ಗಜದ ಒಳಗೆ. 400 ಗಜಕ್ಕೆಂದು ಮಾಡಿದ ರೈಫಲ್ ತಗೊಂಡು ಅಲ್ಲಿ ಏನು ಮಾಡುತ್ತೀರಿ?

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಕಯೋಟಿಯ ಹಿಂದೆ ಏನಿದೆ? .223 ಗುಂಡು ಯಾವುದಕ್ಕೂ ತಾಗದೆ ಹೋದರೆ ಎರಡು ಮೈಲಿಯ ಆಸುಪಾಸು ಹೋಗಬಲ್ಲದು. ನಿಮ್ಮ ಜಮೀನು ಅದರ ಹತ್ತನೇ ಒಂದು ಭಾಗವೂ ಇಲ್ಲ. ಪಕ್ಕದಲ್ಲಿ ಮನೆ ಇದೆ, ರಸ್ತೆ ಇದೆ, ಯಾರದ್ದೋ ಹಸು ಮೇಯುತ್ತಿರುತ್ತದೆ. ಟೆಕ್ಸಸ್ ಕಾನೂನಿನಲ್ಲಿ ಬೇಟೆಯಾಡುವಾಗ ಗೊತ್ತಿದ್ದೂ ಬೇಲಿಯಾಚೆ ಗುಂಡು ಹಾರಿಸುವುದು ಅಪರಾಧ. ಆಚೆ ಜಮೀನಿನವರ ಒಪ್ಪಿಗೆ ಬರಹದಲ್ಲಿ ಇರಬೇಕು. ಹಾಗಾಗಿ ರೈಫಲ್ ಕೊಳ್ಳುವ ಮೊದಲು ಒಂದು ಸಂಜೆ ಜಮೀನು ಸುತ್ತಿ. ಎಲ್ಲಿ ಕೂತರೆ ಎದುರಿಗೆ ಮಣ್ಣಿನ ದಿಬ್ಬವೋ ಏರುವ ಇಳಿಜಾರೋ ಇರುತ್ತದೆ ನೋಡಿ. ಎತ್ತರದಲ್ಲಿ ಕೂತು ಕೆಳಕ್ಕೆ ಹೊಡೆಯುವ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು, ಗುಂಡು ನೆಲಕ್ಕೆ ಹೋಗುತ್ತದೆ. ದಿಬ್ಬದ ನೆತ್ತಿಯ ಮೇಲೆ, ಆಕಾಶಕ್ಕೆ ಬೆನ್ನು ಮಾಡಿ ನಿಂತ ಕಯೋಟಿಗೆ ಯಾವ ಕ್ಯಾಲಿಬರ್‌ನಲ್ಲೂ ಈಡು ಹೊಡೆಯಬಾರದು. ಎಷ್ಟೇ ಸುಲಭದ ಗುರಿ ಅನ್ನಿಸಿದರೂ ಬಿಟ್ಟುಬಿಡಿ.

ಈಗ ಗುಂಡಿನ ವಿಷಯ. ನನ್ನ ಮಟ್ಟಿಗೆ ಕ್ಯಾಲಿಬರ್‌ಗಿಂತ ಇದು ಮುಖ್ಯ. ಅಂಗಡಿಯಲ್ಲಿ ಎರಡು .223 ತೋಟೆ ಕೈಗೆ ತಗೊಂಡು ಅಕ್ಕಪಕ್ಕ ಇಟ್ಟು ನೋಡಿ. ಎರಡೂ 55 ಗ್ರೇನ್, ಅಂದರೆ ಸುಮಾರು ಮೂರೂವರೆ ಗ್ರಾಂ. ಹಿತ್ತಾಳೆ ಕೇಸ್ ಒಂದೇ. ಒಂದರ ತುದಿ ಪೂರ್ತಿ ತಾಮ್ರದ ಬಣ್ಣ, ನುಣ್ಣಗೆ ಮುಚ್ಚಿಕೊಂಡಿದೆ. ಅದು ಎಫ್‌ಎಂಜೆ (ಫುಲ್ ಮೆಟಲ್ ಜಾಕೆಟ್), ರೇಂಜ್‌ನಲ್ಲಿ ಕಾಗದಕ್ಕೆ ಹೊಡೆಯುವ ಅಗ್ಗದ ಮಾಲು. ಇನ್ನೊಂದರ ತುದಿಯಲ್ಲಿ ಕೆಂಪು ಪ್ಲಾಸ್ಟಿಕ್ ಮೊನೆ ಕೂರಿಸಿದ್ದಾರೆ. ಅದು ಹಾರ್ನಡಿಯ ವಿ-ಮ್ಯಾಕ್ಸ್. ನೋಸ್ಲರ್, ಸಿಯೆರಾ ಕಂಪನಿಗಳಲ್ಲೂ ಇದೇ ಜಾತಿಯ ಗುಂಡುಗಳಿವೆ. ಆ ಮೊನೆ ತಾಗಿದ ಕೂಡಲೇ ಹಿಂದಕ್ಕೆ ತಳ್ಳಿಕೊಂಡು ತೆಳುವಾದ ತಾಮ್ರದ ಕವಚವನ್ನು ಒಳಗಿಂದ ಸೀಳುತ್ತದೆ. ಗುಂಡು ಎದೆಗೂಡಿನೊಳಗೇ ಚೂರುಚೂರಾಗುತ್ತದೆ. ಪ್ರಾಣಿ ನಿಂತಲ್ಲೇ ಬೀಳುತ್ತದೆ.

ಎಫ್‌ಎಂಜೆ ಹಾಗಲ್ಲ. ಕಯೋಟಿಯ ಮೈ ಬಹಳ ಸಪೂರ. ಹಿಲ್ ಕಂಟ್ರಿಯ ದೊಡ್ಡ ಗಂಡು ಕೂಡ ಸಾಮಾನ್ಯವಾಗಿ 15-16 ಕೆಜಿ ಮೀರುವುದಿಲ್ಲ. ಚಳಿಗಾಲದ ದಪ್ಪ ರೋಮ ನೋಡಿ ನಾವು ದೊಡ್ಡದು ಅಂದುಕೊಳ್ಳುತ್ತೇವೆ, ಅಷ್ಟೇ. ಅಂಥ ಮೈಯಲ್ಲಿ ಎಫ್‌ಎಂಜೆ ಎಷ್ಟೋ ಸಲ ಸಣ್ಣ ತೂತು ಮಾಡಿಕೊಂಡು ಆಚೆ ಹೋಗಿಬಿಡುತ್ತದೆ. ಪ್ರಾಣಿ ಓಡುತ್ತದೆ, ಪೊದೆಯಲ್ಲಿ ಬಿದ್ದು ಗಂಟೆಗಟ್ಟಲೆ ನರಳಿ ಸಾಯುತ್ತದೆ. ಆಚೆ ಬಂದ ಗುಂಡು ಸುಣ್ಣಕಲ್ಲಿಗೆ ಬಡಿದು ಎತ್ತಲೋ ಸಿಡಿಯುತ್ತದೆ. ನಮ್ಮ ಮರಿ ತಿಂದ ಪ್ರಾಣಿಯಾದರೂ ಅದಕ್ಕೆ ಬೇಗ ಸಾವು ಕೊಡಬೇಕು. ಡಬ್ಬಕ್ಕೆ ಹತ್ತು ಡಾಲರ್ ಉಳಿಸಲು ಹೋಗಿ ಈ ಕೆಲಸ ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಎಫ್‌ಎಂಜೆ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಒಡೆಯುವ ಗುಂಡು ನೆಲಕ್ಕೋ ಕಲ್ಲಿಗೋ ತಾಗಿದರೂ ಬಹುಪಾಲು ಪುಡಿಯಾಗುತ್ತದೆ. ಮನೆಗಳಿರುವ ಜಾಗದಲ್ಲಿ ಇದು ದೊಡ್ಡ ಸಮಾಧಾನ. ಹಾಗಂತ ಹಿಂದಿನ ದಿಬ್ಬ ಬೇಡ ಅಂತಲ್ಲ, ಗುರಿ ತಪ್ಪಿ ಗಾಳಿಯಲ್ಲಿ ಹೋದ ಗುಂಡು ಯಾವುದಾದರೂ ಒಂದೇ.

ನೀವು ಮುಂದೆ ಕ್ಯಾಲಿಫೋರ್ನಿಯಾಗೆ ಹೋದರೆ ಅಲ್ಲಿ ಈ ಸೀಸದ ಗುಂಡುಗಳು ನಡೆಯಲ್ಲ. 2019ರ ಜುಲೈ 1ರಿಂದ ಅಲ್ಲಿ ಯಾವ ಬೇಟೆಗೂ ಸೀಸ ನಿಷಿದ್ಧ. ಸೀಸವಿಲ್ಲದ ಒಡೆಯುವ ಗುಂಡುಗಳೂ ಸಿಗುತ್ತವೆ, ಬೆಲೆ ಜಾಸ್ತಿ.

ಕ್ಯಾಲಿಬರ್‌ಗಳನ್ನು ಒಂದೊಂದಾಗಿ ನೋಡೋಣ. .223 ರೆಮಿಂಗ್ಟನ್ 1964ರಲ್ಲಿ ಅಂಗಡಿಗೆ ಬಂತು, ಸೈನ್ಯದ 5.56ರ ಅಣ್ಣತಮ್ಮ. 55 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 3,240 ಅಡಿ ವೇಗದಲ್ಲಿ ಹೊರಡುತ್ತದೆ. 200 ಗಜಕ್ಕೆ ಝೀರೋ ಮಾಡಿದರೆ, ಅಂದರೆ ಆ ದೂರದಲ್ಲಿ ಗುರಿ ಇಟ್ಟಲ್ಲೇ ತಾಗುವಂತೆ ಸ್ಕೋಪ್ ಹೊಂದಿಸಿದರೆ, 100 ಗಜದಲ್ಲಿ ಒಂದೂವರೆ ಇಂಚು ಮೇಲೆ, 250ರಲ್ಲಿ ಸುಮಾರು 3 ಇಂಚು ಕೆಳಗೆ, 300ರಲ್ಲಿ ಸುಮಾರು 7 ಇಂಚು ಕೆಳಗೆ ಹೊಡೆಯುತ್ತದೆ. ಅಂದರೆ 200 ಗಜದೊಳಗೆ ಎಲ್ಲೇ ನಿಂತ ಕಯೋಟಿಗೂ ಎದೆಯ ನಡುವಿಗೆ ಗುರಿ ಇಟ್ಟರೆ ಸಾಕು. ಮೇಲೆ ಕೆಳಗೆ ಲೆಕ್ಕ ಹಾಕುವ ಗೋಜಿಲ್ಲ. ಒದೆತ ಬಹಳ ಕಮ್ಮಿ. ಇದರ ಲಾಭ ಬರೀ ಭುಜಕ್ಕಲ್ಲ. ಟ್ರಿಗರ್ ಒತ್ತಿದ ಮೇಲೂ ಸ್ಕೋಪ್ ಅಲ್ಲಾಡದೆ ಗುರಿಯ ಮೇಲೇ ಇರುತ್ತದೆ. ಗುಂಡು ಎಲ್ಲಿ ತಾಗಿತು ಅಂತ ನಿಮ್ಮ ಕಣ್ಣಿಗೇ ಕಾಣುತ್ತದೆ. ಕಯೋಟಿಗಳು ಎಷ್ಟೋ ಸಲ ಜೋಡಿಯಾಗಿ ಬರುತ್ತವೆ, ಎರಡನೆಯದಕ್ಕೂ ಸಮಯ ಸಿಗುತ್ತದೆ. ತೋಟೆ ಅಗ್ಗ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಕಾರಣ ಬೇರೆ ಇಲ್ಲ, ಯಾಕಂದರೆ ಜಾಸ್ತಿ ಅಭ್ಯಾಸ ಮಾಡುತ್ತೀರಿ.

.22-250 ಇದೇ ಅಗಲದ ಗುಂಡನ್ನು ದೊಡ್ಡ ಕೇಸ್‌ನಿಂದ ಹಾರಿಸುತ್ತದೆ. ಮೊದಲು ಹವ್ಯಾಸಿಗಳು ಹಳೆಯ .250 ಸ್ಯಾವೇಜ್ ಕೇಸಿನ ಕತ್ತು ಕಿರಿದು ಮಾಡಿ ಹೊಡೆಯುತ್ತಿದ್ದರು. 1965ರಲ್ಲಿ ರೆಮಿಂಗ್ಟನ್ ಅದನ್ನು ಕಂಪನಿ ಮಾಲಾಗಿ ತಂದಿತು. ಅದೇ 55 ಗ್ರೇನ್ ಇಲ್ಲಿ 3,680 ಅಡಿ ವೇಗ. 300 ಗಜದಲ್ಲಿ ಸುಮಾರು 5 ಇಂಚಷ್ಟೇ ಇಳಿಯುತ್ತದೆ. ಅಡ್ಡಗಾಳಿ ಗಂಟೆಗೆ 10 ಮೈಲಿ ಇದ್ದರೆ .223 ಗುಂಡು ಆ ದೂರದಲ್ಲಿ ಸುಮಾರು 10 ಇಂಚು ಪಕ್ಕಕ್ಕೆ ಹೋಗುತ್ತದೆ, .22-250 ಸುಮಾರು 8 ಇಂಚು. ಕಯೋಟಿಯ ಎದೆಯಲ್ಲಿ ಪ್ರಾಣ ಹೋಗುವ ಜಾಗ ಹೆಚ್ಚೆಂದರೆ ಅಂಗೈ ಅಗಲ. ಹಾಗಾಗಿ ಲಬ್ಬಕ್, ಅಮರಿಲೊ ಕಡೆಯ ಬಯಲಿನಲ್ಲಿ, ಗಾಳಿ ನಿಲ್ಲದ ಊರಲ್ಲಿ, ಅಥವಾ ಕ್ಯಾನ್ಸಸ್, ವಯೋಮಿಂಗ್‌ನಲ್ಲಿ ಇದಕ್ಕೆ ಅರ್ಥ ಇದೆ. ನಾನೇ ಬಯಲಿಗೆ ಹೋಗುವಾಗ ಇದನ್ನೇ ಒಯ್ಯುತ್ತೇನೆ. ಆದರೆ ಸದ್ದು ಜಾಸ್ತಿ, ಬ್ಯಾರೆಲ್ ಬೇಗ ಸವೆಯುತ್ತದೆ, ತೋಟೆ ದುಬಾರಿ. 150 ಗಜದಲ್ಲಿ ನಿಂತ ಕಯೋಟಿಗೆ ಇವೆರಡರ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

.243 ವಿಂಚೆಸ್ಟರ್ 1955ರದ್ದು, .308 ಕೇಸಿನ ಕತ್ತು ಕಿರಿದು ಮಾಡಿದ್ದು. ನಿಮ್ಮ ಪಕ್ಕದವರು ಇದನ್ನು ಹೇಳಿದ್ದಕ್ಕೆ ಕಾರಣ ಇದೆ, ಅವರು ಜಿಂಕೆಯನ್ನೂ ಹೊಡೆಯುತ್ತಾರೆ. 58 ಗ್ರೇನ್ ಹಾಕಿದರೆ ಕಯೋಟಿಗೆ, 100 ಗ್ರೇನ್ ಹಾಕಿದರೆ ಜಿಂಕೆಗೆ. ಒಂದೇ ರೈಫಲ್‌ನಲ್ಲಿ ಎರಡೂ ಕೆಲಸ. ನಿಮಗೂ ಜಿಂಕೆ ಬೇಟೆಯ ಆಸೆ ಇದ್ದರೆ ಕಣ್ಣುಮುಚ್ಚಿ ತಗೊಳ್ಳಬಹುದು. ಟೆಕ್ಸಸ್‌ನಲ್ಲಿ ಜಿಂಕೆಗೆ .223 ಕೂಡ ಕಾನೂನುಬದ್ಧವೇ, ರಿಮ್‌ಫೈರ್, ಅಂದರೆ .22 ಎಲ್‌ಆರ್ ಥರದ ಸಣ್ಣ ತೋಟೆ, ಮಾತ್ರ ಕೂಡದು. ಕೊಲೊರಾಡೊ ಥರದ ರಾಜ್ಯಗಳಲ್ಲಿ ಜಿಂಕೆಗೆ ಕನಿಷ್ಠ .24 ಕ್ಯಾಲಿಬರ್ ಬೇಕು ಅನ್ನುವ ನಿಯಮ ಇದೆ. ಅಲ್ಲಿ .243 ದಾಟಿಕೊಳ್ಳುತ್ತದೆ, .223 ದಾಟುವುದಿಲ್ಲ.

.204 ರೂಗರ್ 2004ರಲ್ಲಿ ಬಂತು. 32 ಗ್ರೇನ್ ಗುಂಡು 4,225 ಅಡಿ ವೇಗ, ನೂಲು ಹಿಡಿದ ಹಾಗೆ ನೇರ ಹೋಗುತ್ತದೆ. ಚರ್ಮ ಮಾರುವವರಿಗೆ ಇಷ್ಟ, ಯಾಕಂದರೆ ಆಚೆಕಡೆ ತೂತು ಬೀಳುವುದು ಕಮ್ಮಿ. ಭುಜದ ಮೂಳೆಗೆ ತಾಗಿದರೆ ಮೇಲುಮೇಲೆಯೇ ಸಿಡಿದುಹೋಗುವ ಭಯ ಇರುತ್ತದೆ, ಹಾಗಾಗಿ ಹಗುರ ಗುಂಡು ಬಿಟ್ಟು 40 ಗ್ರೇನ್ ಹಾಕಬೇಕು. .17 ಎಚ್‌ಎಂಆರ್ ಕೂಡ ಕೆಲವರು ಹೇಳಬಹುದು. 17 ಗ್ರೇನ್ ಗುಂಡು, 2,550 ಅಡಿ. ನರಿಗೆ, 100 ಗಜದೊಳಗೆ ಸರಿ. ಕಯೋಟಿಗೆ ಅದು ಸಾಲದು. .22 ಎಲ್‌ಆರ್ ಅಂತೂ ಬೇಡವೇ ಬೇಡ. 6.5 ಕ್ರೀಡ್‌ಮೋರ್ 2007ರಲ್ಲಿ ದೂರದ ಗುರಿಗೆಂದೇ ಮಾಡಿದ ತೋಟೆ. ಜಿಂಕೆಗೂ ಬಹಳ ಒಳ್ಳೆಯದು, ಆದರೆ 140 ಗ್ರೇನ್ ಗುಂಡು ಕಯೋಟಿಯನ್ನು ದಾಟಿಕೊಂಡು ನಿಮ್ಮ ಬೇಲಿಯಾಚೆ ಎಲ್ಲಿಗೋ ಹೋಗುತ್ತದೆ. 22 ಎಕರೆಗೆ ಅದು ಬೇಡ.

.223 ಅಂತ ನಿಶ್ಚಯಿಸಿದರೆ, ರೈಫಲ್ ಕೈಗೆ ತಗೊಂಡು ಮೊದಲು ಬ್ಯಾರೆಲ್ ಮೇಲೆ ಕೊರೆದ ಅಕ್ಷರ ಓದಿ. ಅಲ್ಲಿ ಎರಡು ಸಂಗತಿ ಗೊತ್ತಾಗುತ್ತವೆ. '.223 ರೆಮ್' ಅಂತಷ್ಟೇ ಇದ್ದರೆ ಅದರಲ್ಲಿ 5.56 ನ್ಯಾಟೊ ತೋಟೆ ಹಾಕಬೇಡಿ, ಒತ್ತಡ ಮಿತಿ ಮೀರಬಹುದು. '5.56' ಅಂತಿದ್ದರೆ ಎರಡೂ ಹಾಕಬಹುದು. ಇನ್ನೊಂದು ಟ್ವಿಸ್ಟ್. '1-8', '1-9' ಅಂತ ಇರುತ್ತದೆ, ಅಂದರೆ 8 ಅಥವಾ 9 ಇಂಚಿಗೆ ಗುಂಡು ಒಂದು ಸುತ್ತು ತಿರುಗುತ್ತದೆ. 1-8 ಹಗುರ, ಭಾರ ಎರಡೂ ಗುಂಡಿಗೆ ಆಗುತ್ತದೆ. 1-9 ಸುಮಾರು 69 ಗ್ರೇನ್‌ವರೆಗೆ ಆಗುತ್ತದೆ, 77ರ ಉದ್ದ ಗುಂಡಿಗೆ ಸಾಲದೇ ಇರಬಹುದು. ಹಳೆಯ ಬೋಲ್ಟ್ ರೈಫಲ್‌ಗಳಲ್ಲಿ '1-12' ಇರುತ್ತದೆ. ಅದರಲ್ಲಿ 55 ಗ್ರೇನ್ ಸೊಗಸಾಗಿ ಹೋಗುತ್ತದೆ, 69-77 ಗ್ರೇನಿನ ಉದ್ದ ಗುಂಡು ಹಾಕಿದರೆ ಗಾಳಿಯಲ್ಲೇ ಓಲಾಡಿ ಅಡ್ಡಾದಿಡ್ಡಿ ತಾಗುತ್ತದೆ. ರೈಫಲ್ ಟಿಕ್ಕಾ, ರೂಗರ್ ಅಮೆರಿಕನ್, ಸ್ಯಾವೇಜ್, ಹೌವಾ ಯಾವುದಾದರೂ ಸರಿ. ಎಆರ್-15 ಇದ್ದರೆ ಅದೂ ಆಗುತ್ತದೆ. ಉಳಿದ ದುಡ್ಡು ಸ್ಕೋಪ್‌ಗೆ ಹಾಕಿ. 3-9, ಅಂದರೆ ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುವುದು, ಸಾಕು. ಕೂತಾಗ 3ರಲ್ಲೇ ಇಡಿ. ಮೊಲ ಕಿರುಚುವ ಸದ್ದಿನ ಕಾಲ್ (ಸದ್ದು ಮಾಡಿ ಪ್ರಾಣಿಯನ್ನು ಕರೆಯುವ ಸಾಧನ) ಹಾಕಿದರೆ ಕಯೋಟಿ ಕೆಲವು ಸಲ 30 ಗಜಕ್ಕೇ ಓಡಿ ಬರುತ್ತದೆ. 9ರಲ್ಲಿದ್ದರೆ ಸ್ಕೋಪ್ ತುಂಬ ರೋಮ ಬಿಟ್ಟು ಬೇರೇನೂ ಕಾಣಲ್ಲ. ಓಡುತ್ತಿದ್ದರೆ ಬಾಯಲ್ಲಿ ಒಮ್ಮೆ 'ವೂಫ್' ಅಂತ ನಾಯಿಯ ಸದ್ದು ಮಾಡಿ, ಬಹಳ ಸಲ ಗಕ್ಕನೆ ನಿಂತು ನಿಮ್ಮ ಕಡೆ ನೋಡುತ್ತದೆ. ಹೊಡೆಯುವುದು ಆಗ. ಮತ್ತೆ, ಅದು ಯಾವಾಗಲೂ ಗಾಳಿಯ ಕೆಳಬದಿಗೆ ಸುತ್ತಿಕೊಂಡು ಬಂದು ವಾಸನೆ ಹಿಡಿಯಲು ನೋಡುತ್ತದೆ. ಆ ಬದಿಯಲ್ಲಿ ನಿಮಗೆ ಬಯಲೂ ಇರಬೇಕು, ದಿಬ್ಬವೂ ಇರಬೇಕು.

ರಾತ್ರಿ ಥರ್ಮಲ್ ಸ್ಕೋಪ್ ಬಳಸುವುದು ಟೆಕ್ಸಸ್‌ನ ಖಾಸಗಿ ಜಮೀನಿನಲ್ಲಿ ಕಯೋಟಿಗೆ ನಡೆಯುತ್ತದೆ. ಮೊದಲೇ ಗೇಮ್ ವಾರ್ಡನ್‌ಗೆ, ಅಂದರೆ ಬೇಟೆಯ ಕಾನೂನು ನೋಡಿಕೊಳ್ಳುವ ಅಧಿಕಾರಿಗೆ, ಒಂದು ಫೋನ್ ಮಾಡಿ ತಿಳಿಸುವುದು ಇಲ್ಲಿನ ರೂಢಿ. ಆದರೆ ಥರ್ಮಲ್‌ನಲ್ಲಿ ಬಣ್ಣ ಕಾಣಲ್ಲ, ಬಿಸಿ ಮಾತ್ರ ಕಾಣುತ್ತದೆ. ಬಿಳಿ ನಾಯಿ, ಬೂದು ಕಯೋಟಿ, ಪಕ್ಕದ ಮನೆಯ ಜರ್ಮನ್ ಶೆಫರ್ಡ್, ದೂರದಿಂದ ಎಲ್ಲವೂ ಒಂದೇ ಬೆಳಕಿನ ಆಕಾರ. ನಿಮ್ಮ ನಾಯಿ ಎಲ್ಲಿದೆ ಅಂತ ಗೊತ್ತಿಲ್ಲದೆ ಟ್ರಿಗರ್ ಮೇಲೆ ಬೆರಳೇ ಇಡಬೇಡಿ.

ನಾಯಿ ಅಂದ ಮೇಲೆ ನೆನಪಾಯಿತು. ಮರಿ ತಿಂದಿದ್ದು ಕಯೋಟಿಯೇ ಅಂತ ಖಾತ್ರಿ ಮಾಡಿಕೊಂಡಿದ್ದೀರಾ? ಸತ್ತ ಮರಿ ಸಿಕ್ಕರೆ ಕತ್ತಿನ ಚರ್ಮ ಸುಲಿದು ನೋಡಿ. ಗಂಟಲಿನ ಕೆಳಗೆ, ದವಡೆಯ ಹಿಂದೆ ಹಲ್ಲಿನ ತೂತು, ಅದರ ಸುತ್ತ ಹೆಪ್ಪುಗಟ್ಟಿದ ರಕ್ತ ಇದ್ದರೆ ಕಯೋಟಿ. ಹಿಂಗಾಲು, ಪಕ್ಕೆ, ಕಿವಿ ಎಲ್ಲ ಎಲ್ಲೆಂದರಲ್ಲಿ ಹರಿದಿದ್ದು ತಿಂದಿದ್ದು ಕಮ್ಮಿ ಇದ್ದರೆ ಊರ ನಾಯಿಗಳು. ಎಲೆ ಕಸ ಎಳೆದು ಮುಚ್ಚಿಟ್ಟಿದ್ದರೆ ಬಾಬ್‌ಕ್ಯಾಟ್, ಅಂದರೆ ಇಲ್ಲಿನ ಕಾಡುಬೆಕ್ಕು. ಆಗತಾನೆ ಹುಟ್ಟಿದ ಮರಿಯ ಕಣ್ಣು, ನಾಲಿಗೆ ಕುಕ್ಕಿದ್ದರೆ ಕಪ್ಪು ರಣಹದ್ದು. ಅದು ಫೆಡರಲ್ ಕಾನೂನಿನ ರಕ್ಷಣೆಯಲ್ಲಿರುವ ಹಕ್ಕಿ, ಪರ್ಮಿಟ್ ಇಲ್ಲದೆ ಮುಟ್ಟುವಂತಿಲ್ಲ. ರಕ್ತ ಹೆಪ್ಪುಗಟ್ಟದೆ ಬರೀ ಕಚ್ಚಿದ ಗುರುತಿದ್ದರೆ ಮರಿ ಬೇರೆ ಕಾರಣಕ್ಕೆ ಸತ್ತಿದೆ, ಆಮೇಲೆ ಯಾವುದೋ ತಿಂದಿದೆ. ಅನುಮಾನ ಬಂದರೆ ಫೋಟೊ ತೆಗೆದು ನಿಮ್ಮ ಕೌಂಟಿಯ (ಜಿಲ್ಲೆಯ ಹಾಗಿನ ಆಡಳಿತ ವಿಭಾಗ) ಟೆಕ್ಸಸ್ ಎ ಆ್ಯಂಡ್ ಎಂ ಅಗ್ರಿಲೈಫ್ ಎಕ್ಸ್‌ಟೆನ್ಶನ್ ಅನ್ನುವ ಕೃಷಿ ಸಲಹಾ ಆಫೀಸಿಗೆ ತೋರಿಸಿ.

ಇನ್ನು ಕಾಗದಪತ್ರ. ಇದನ್ನು ನಮ್ಮವರು ಬಹಳ ಜನ ಗಮನಿಸುವುದಿಲ್ಲ, ಆದರೆ ಎಲ್ಲಕ್ಕಿಂತ ಅಪಾಯದ ಜಾಗ ಇದೇ. ನೀವು ಎಚ್-1ಬಿ, ಎಚ್-4, ಎಫ್-1 ಥರದ ವೀಸಾದಲ್ಲಿದ್ದರೆ ಫೆಡರಲ್ ಕಾನೂನಿನ ಪ್ರಕಾರ ಬಂದೂಕು, ತೋಟೆ ಇಟ್ಟುಕೊಳ್ಳುವಂತಿಲ್ಲ. ಕೆಲವು ವಿನಾಯಿತಿ ಇವೆ, ಅದರಲ್ಲಿ ಮುಖ್ಯವಾದದ್ದು ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್. ಇಲ್ಲೊಂದು ಸೂಕ್ಷ್ಮ ಇದೆ. ಜಾನುವಾರಿಗೆ ಕಾಟ ಕೊಡುವ ಕಯೋಟಿ ಹೊಡೆಯಲು ಟೆಕ್ಸಸ್‌ನಲ್ಲಿ ಹಂಟಿಂಗ್ ಲೈಸೆನ್ಸೇ ಬೇಕಿಲ್ಲ. ಹಾಗಂತ ವೀಸಾದವರು ಲೈಸೆನ್ಸ್ ತಗೊಳ್ಳದೆ ಕೂತರೆ, ಕಯೋಟಿ ಹೊಡೆದದ್ದು ತಪ್ಪಲ್ಲ, ರೈಫಲ್ ಇಟ್ಟುಕೊಂಡದ್ದೇ ತಪ್ಪಾಗುತ್ತದೆ. ಲೈಸೆನ್ಸನ್ನು ಅದರ ಅವಧಿ ಮುಗಿಯುವ ಮೊದಲೇ ನವೀಕರಿಸಬೇಕು. 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರು ಹಂಟರ್ ಎಜುಕೇಶನ್ ಕೋರ್ಸ್ ಕೂಡ ಮಾಡಬೇಕು. ಗ್ರೀನ್ ಕಾರ್ಡ್ ಇದ್ದರೆ ಈ ವೀಸಾ ತೊಡಕಿಲ್ಲ. ಗೆಳೆಯರ ಹೆಸರಲ್ಲಿ ನಿಮಗೋಸ್ಕರ ಕೊಳ್ಳುವುದು ಮಾತ್ರ ಯಾವ ಕಾರಣಕ್ಕೂ ಬೇಡ, ಅದು ಫೆಡರಲ್ ಅಪರಾಧ. ವೀಸಾದಲ್ಲಿದ್ದರೆ ಕೊಳ್ಳುವ ಮೊದಲು ಇಮಿಗ್ರೇಶನ್ ವಕೀಲರ ಹತ್ತಿರ ಒಂದು ಮಾತು ಕೇಳಿ. ನಿಮ್ಮ ಜಮೀನು ಪ್ಲಾಟ್ ಮಾಡಿದ ಲೇಔಟಿನಲ್ಲಿದ್ದರೆ ಕೌಂಟಿ ನಿಯಮವನ್ನೂ ನೋಡಿ. 10 ಎಕರೆ ಅಥವಾ ಅದಕ್ಕಿಂತ ಚಿಕ್ಕ ಪ್ಲಾಟುಗಳಲ್ಲಿ ಗುಂಡು ಹಾರಿಸುವುದನ್ನು ಕೌಂಟಿ ತಡೆಯಬಹುದು.

ಊರಲ್ಲಿ ಕೂತು ಇದನ್ನು ಓದುವವರಿಗೂ ಒಂದು ಮಾತು. ಇದು ಯಾವುದೂ ಕರ್ನಾಟಕಕ್ಕೆ ಅನ್ವಯಿಸುವುದಿಲ್ಲ. ನಮ್ಮ ನರಿ, ತೋಳ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಕೋವಿಗೆ ಪರವಾನಗಿ ಇದ್ದರೂ ಅವುಗಳನ್ನು ಕೊಲ್ಲುವಂತಿಲ್ಲ.

ಕೊನೆಗೆ, ರೈಫಲ್ ಒಂದೇ ನಿಮ್ಮ ಮರಿಗಳನ್ನು ಉಳಿಸುವುದಿಲ್ಲ. ಒಂದು ಕಯೋಟಿ ಹೋದರೆ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ. ಅವು ಏಪ್ರಿಲ್-ಮೇ ಹೊತ್ತಿಗೆ ಮರಿ ಹಾಕುತ್ತವೆ, ಆ ಮರಿಗಳಿಗೆ ಉಣಿಸಬೇಕಾದಾಗಲೇ ನಿಮ್ಮ ಮರಿಗಳ ಮೇಲೆ ಬೀಳುತ್ತವೆ. ಅಷ್ಟು ದಿನವಾದರೂ ತಾಯಿ-ಮರಿಗಳನ್ನು ಸಂಜೆಯೇ ದೊಡ್ಡಿಗೆ ಕೂಡಿ, ಬೇಲಿಯ ಬುಡದಲ್ಲಿ ಒಂದು ಕರೆಂಟ್ ತಂತಿ ಎಳೆಯಿರಿ. ಬೇಲಿ ಹಾರುವುದಕ್ಕಿಂತ ಕೆಳಗೆ ಕೆರೆದು ನುಸುಳುವುದೇ ಕಯೋಟಿಗೆ ಅಭ್ಯಾಸ. ಗ್ರೇಟ್ ಪಿರನೀಸ್ ಅಥವಾ ಅನಟೋಲಿಯನ್ ಮರಿನಾಯಿ ಈಗಲೇ ತಂದರೂ ಅದು ನಂಬಿಕೆಯ ಕಾವಲು ನಾಯಿಯಾಗಲು ಒಂದೂವರೆ, ಎರಡು ವರ್ಷ ಬೇಕು. ಮೇಕೆಗಳ ನಡುವೆಯೇ ಬೆಳೆಸಿ.

ನಿಮ್ಮ ಜಮೀನಿನ ಇಳಿಜಾರು ಯಾವ ದಿಕ್ಕಿಗಿದೆ, ಹತ್ತಿರದ ಮನೆ ಯಾವ ಬದಿಗೆ ಎಷ್ಟು ದೂರ, ಸಂಜೆ ಗಾಳಿ ಎಲ್ಲಿಂದ ಬೀಸುತ್ತದೆ ಅಂತ ಬರೆದು ತಿಳಿಸಿ. ಎಲ್ಲಿ ಕೂರಬಹುದು, ಕಾಲ್ ಎಲ್ಲಿ ಇಡಬಹುದು ಅಂತ ನನಗೆ ತೋಚಿದ್ದನ್ನು ಹೇಳುತ್ತೇನೆ.